ಬ್ರೇಜಿಂಗ್ ತಾಮ್ರದಣ್ಣ, ಸೋಲ್ಡರ್ ಭಾವ

“ನಾನು ಬೆಸೆದ ಜಾಯಿಂಟು ಸೋರೋದಿಲ್ಲ. ಸೋರಿದರೆ ಅದು ನಾನು ಬೆಸೆದದ್ದೇ ಅಲ್ಲ!”

ಫ್ರಿಜ್ ರಿಪೇರಿಯ ತಾಮ್ರದಣ್ಣ ಮೂವತ್ತು ವರ್ಷದಿಂದ ಈ ಮಾತನ್ನು ಹೇಳಿಕೊಂಡೇ ಬಂದಿದ್ದಾನೆ. ಹಿಂದೊಮ್ಮೆ ಅವನು ಬೆಸೆದ ಪೈಪಿಗೆ ಆ ಕಡೆ ಒಂದು ಲಾರಿ, ಈ ಕಡೆ ಒಂದು ಲಾರಿ ಕಟ್ಟಿ ಎಳೆಸಿದರಂತೆ. ಪೈಪು ಹಿಗ್ಗಿ ಹಿಗ್ಗಿ ನೂಲಿನಷ್ಟು ಸಣ್ಣಗಾಗಿ ಮೂರು ಬೀದಿ ದಾಟಿತಂತೆ. ಹೆಂಗಸರು ಅದರ ಮೇಲೆ ಬಟ್ಟೆ ಒಣಹಾಕಿದರಂತೆ. ಜಾಯಿಂಟು ಮಾತ್ರ ಕದಲಲಿಲ್ಲವಂತೆ. ಲಾರಿಗಳ ನಂಬರು ಕೇಳಿದರೆ ಅವನಿಗೆ ಕೆಮ್ಮು ಬರುತ್ತದೆ.

ಅವನು ಕೆಲಸ ಕಲಿತದ್ದು ಐಸ್ ಕಾರ್ಖಾನೆಯಲ್ಲಿ. ಎಡಗಡೆಯ ಹುಬ್ಬನ್ನು ಟಾರ್ಚಿನ ಬೆಂಕಿಗೆ ಗುರುದಕ್ಷಿಣೆ ಕೊಟ್ಟದ್ದೂ ಅಲ್ಲೇ. ಅಲ್ಲಿನ ಮೇಸ್ತ್ರಿ ಹೇಳಿಕೊಟ್ಟದ್ದು ಒಂದೇ ಪಾಠ: ತಾಮ್ರದ ಪೈಪು ಸೇರಿಸಬೇಕೆಂದರೆ ಬ್ರೇಜಿಂಗ್ ಮಾಡು. ಪೈಪು ಕೆಂಪಗೆ ಕಾಯಬೇಕು, ಬೆಸುಗೆಯ ಕಡ್ಡಿ ಕರಗಿ ಸಂದಿಯೊಳಗೆ ತಾನಾಗಿ ಇಳಿಯಬೇಕು. ಕಮ್ಮಿ ಕಾವಿಗೇ ಕರಗುವ ಸೋಲ್ಡರ್ ತಂತಿಗೆ ತಾಮ್ರದಣ್ಣ ಇಟ್ಟ ಹೆಸರು ‘ಮೇಣ’. ಮನೆಯಲ್ಲಿ ಸೌಟಿನ ಹಿಡಿ ಮುರಿದಾಗಲೂ ಅವನು ಹಚ್ಚಿದ್ದು ಟಾರ್ಚನ್ನೇ. “ಈ ಸೌಟು ನಮ್ಮಿಬ್ಬರಿಗಿಂತ ಹೆಚ್ಚು ಬಾಳುತ್ತೆ. ಆದರೆ ಎತ್ತೋದಕ್ಕೆ ಇಬ್ಬರು ಬೇಕು,” ಎನ್ನುತ್ತಾಳೆ ಅವನ ಹೆಂಡತಿ.

ಇಂಥವನ ಮಗ್ಗುಲಿಗಿದ್ದ ಒಂದೇ ಮುಳ್ಳು ಅಕ್ಕನ ಗಂಡ. ಭಾವ ಒಂದು ಕಾಲಕ್ಕೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ರೇಡಿಯೋ ಕೇಳುವವರು ಇಲ್ಲವಾದ ಮೇಲೆ ಹೆಂಡತಿಯ ಬೇಕರಿ ಸೇರಿಕೊಂಡರು. ಆದರೆ ಕೈತುರಿಕೆ ಹೋಗಿರಲಿಲ್ಲ. ಸೋಲ್ಡರ್ ತಂತಿಯ ಸುರುಳಿ ಜೇಬು ಬಿಟ್ಟು ಇಳಿಯುತ್ತಿರಲಿಲ್ಲ.

ಒಂದು ಬೆಳಗ್ಗೆ ಅಕ್ಕನ ಫೋನು. “ಲೋ, ಓಡಿ ಬಾರೋ! ಗಾಜಿನ ಫ್ರಿಜ್ಜು ನಿಂತು ಹೋಗಿದೆ. ಸಂಜೆ ಐದಕ್ಕೆ ಶಾಲೆಯವರು ನಲವತ್ತು ಕ್ರೀಮ್ ಕೇಕು ತಗೊಂಡು ಹೋಗಬೇಕು. ಇಲ್ಲಿ ಕ್ರೀಮಿನ ಗುಲಾಬಿ ಎಲ್ಲ ಎಲೆಕೋಸು ಆಗ್ತಿದೆ!”

ತಾಮ್ರದಣ್ಣ ಬಂದವನೇ ಫ್ರಿಜ್ಜಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಕಂಪ್ರೆಸರಿನ ಪಕ್ಕದಲ್ಲೇ ಬಿರುಕು. ಹೋದ ತಿಂಗಳು ಯಾರನ್ನೂ ಕೇಳದೆ ಭಾವ ಸೋಲ್ಡರ್ ಮೆತ್ತಿದ್ದ ಜಾಯಿಂಟು ಅದು. ಅವನ ಮುಖ ಊರಗಲವಾಯಿತು.

“ಭಾವ, ಇದು ಬಿಸಿ ಗ್ಯಾಸು ನುಗ್ಗಿ ಬರೋ ಬಾಯಿ. ಹಗಲೂ ರಾತ್ರಿ ಗಡಗಡ ನಡುಗ್ತಿರುತ್ತೆ. ಇಲ್ಲಿ ನಿಮ್ಮ ಮೇಣ ನಿಲ್ಲುತ್ತಾ?”

“ಒಂದು ತಿಂಗಳು ನಿಂತಿತ್ತಲ್ಲಪ್ಪ.”

“ನೀವೂ ಯಾವ ಕೆಲಸದಲ್ಲೂ ಅಷ್ಟೇ ದಿನ ತಾನೇ ನಿಲ್ಲೋದು?”

ತಾಮ್ರದಣ್ಣ ಉಳಿದಿದ್ದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡ. ಸೋಲ್ಡರ್ ಅಂಟಿದ್ದ ಭಾಗವನ್ನೇ ಕತ್ತರಿಸಿ ಬಿಸಾಕಿ ಹೊಸ ತುಂಡು ಕೂರಿಸಿದ. ಟಾರ್ಚು ಹಚ್ಚಿದ. ಆ ಜಾಗದಿಂದ ಒಂದು ಗೇಣು ದೂರದಲ್ಲಿ, ಗ್ಯಾಸು ತಣ್ಣಗೆ ವಾಪಸು ಬರುವ ಪೈಪಿನ ಮೇಲೆ, ಒಂದು ವಾಲ್ವು ಇತ್ತು. ಅದರ ಹೊಟ್ಟೆಯಲ್ಲಿ ರಬ್ಬರು. ಬೆಂಕಿ ಹಚ್ಚುವ ಮುಂಚೆ ಅದಕ್ಕೆ ಒದ್ದೆ ಬಟ್ಟೆ ಸುತ್ತಬೇಕು. ಮೂವತ್ತು ವರ್ಷ ಸುತ್ತಿದ ಕೈ ಅದು. ಆವತ್ತು ಮಾತ್ರ ಅವನ ಒಂದು ಕಣ್ಣು ಪೈಪಿನ ಮೇಲೆ, ಇನ್ನೊಂದು ಭಾವನ ಮುಖದ ಮೇಲೆ. ವಾಲ್ವಿಗೆ ಅಂತ ಮೂರನೇ ಕಣ್ಣು ಇರಲಿಲ್ಲ.

“ನೋಡ್ಕೊಳ್ಳಿ ಭಾವ, ಬೆಸುಗೆ ಅಂದ್ರೆ ಇದು!”

ಜಾಯಿಂಟು ಕನ್ನಡಿಯಂತೆ ಬಂತು. ಸೋರಿಕೆ ಇದೆಯೇ ನೋಡಲು ನೈಟ್ರೋಜನ್ ತುಂಬಿಸಿ ಸೋಪಿನ ನೊರೆ ಹಚ್ಚಿದ. ಒಂದು ಗುಳ್ಳೆ ಇಲ್ಲ! ಎದೆ ಎರಡು ಗೇಣು ಉಬ್ಬಿತು. ಅಷ್ಟರಲ್ಲಿ ಪಕ್ಕದ ವಾಲ್ವಿನಲ್ಲಿ ಒಂದು ಗುಳ್ಳೆ ಕಣ್ಣು ಬಿಟ್ಟಿತು. ನಿಂಬೆಹಣ್ಣಿನಷ್ಟಾಯಿತು, ಕುಂಬಳಕಾಯಿಯಷ್ಟಾಯಿತು. ಅದರ ಮೇಲೆ ಭಾವನ ನಗುಮುಖ ಬಣ್ಣಬಣ್ಣವಾಗಿ ಹೊಳೆಯಿತು.

“ಏನೋ ಅದು?” ಅಂದಳು ಅಕ್ಕ.

“ಜಾಯಿಂಟು ಸೋರ್ತಿಲ್ಲ ಅಕ್ಕ.”

“ಮತ್ತೆ ಸೋರ್ತಿರೋದು ಏನು, ನನ್ನ ಕಣ್ಣಾ?”

ಗಂಟೆ ಒಂದೂವರೆ. ಅಕ್ಕ ಐಸ್ ಗಡ್ಡೆ ತರಿಸಿ ಕೇಕಿನ ಸುತ್ತ ಜೋಡಿಸುತ್ತಿದ್ದಳು. ತಾಮ್ರದಣ್ಣನ ಪೆಟ್ಟಿಗೆಯಲ್ಲಿ ಅಂಥ ವಾಲ್ವು ಇದ್ದದ್ದು ಒಂದೇ. ಅದರ ಕತ್ತೂ ಗಿಡ್ಡ, ಬೆಸೆಯುವ ಜಾಗ ರಬ್ಬರಿಗೆ ತೀರ ಹತ್ತಿರ. ಕೆಂಪಗೆ ಕಾಯಿಸಿದರೆ ಒದ್ದೆ ಬಟ್ಟೆ ಸುತ್ತಿದರೂ ರಬ್ಬರು ಉಳಿದೀತೆಂಬ ಧೈರ್ಯವಿಲ್ಲ. ಅದೂ ಸುಟ್ಟರೆ ಇನ್ನೊಂದು ಬರುವುದು ನಾಳೆಗೆ. ಪೈಪು ನೋಡಿದ. ಇಲ್ಲಿ ಗ್ಯಾಸು ತಣ್ಣಗೆ, ಮೆಲ್ಲಗೆ ಬರುತ್ತದೆ, ನಡುಕವೂ ಅಷ್ಟಿಲ್ಲ. ಬೇಕಾದದ್ದು ಏನೆಂದು ಕೈಗೆ ಗೊತ್ತಾಗಿತ್ತು. ಕಣ್ಣು ಭಾವನ ಜೇಬಿನ ಕಡೆ ಹೊರಳಿತು.

“ಭಾವ... ಆ ತಂತಿ ಇದ್ಯಾ?”

“ಯಾವ ತಂತಿ?”

“ಅದೇ.”

“ಅದಕ್ಕೊಂದು ಹೆಸರಿದೆಯಪ್ಪ.”

“ಸೋಲ್ಡರ್.”

“ಮೇಣ ಅಂದ ಹಾಗೆ ಕೇಳಿಸಿತ್ತು?”

“ಇಬ್ಬರ ಬಾಯಿಗೂ ನಾನೇ ಬ್ರೇಜಿಂಗ್ ಮಾಡ್ತೀನಿ!” ಅಕ್ಕ ಕೂಗಿದಳು. “ಕೊಡ್ರೀ ಅದನ್ನ!”

ಈ ಸಲ ತಾಮ್ರದಣ್ಣ ಸುಟ್ಟ ವಾಲ್ವು ತೆಗೆದು ಹೊಸದನ್ನು ಕೂರಿಸಿ, ಅದಕ್ಕೆ ಒದ್ದೆ ಬಟ್ಟೆಯನ್ನು ಬಾಣಂತಿಗೆ ಸುತ್ತಿದ ಹಾಗೆ ಸುತ್ತಿದ. ಸಣ್ಣ ಉರಿ ತೋರಿಸಿದ. ತಂತಿ ಬೆಳ್ಳಿಯ ಹನಿಯಾಗಿ ಸಂದಿಯೊಳಗೆ ಜಾರಿತು. ನೊರೆ ಹಚ್ಚಿದರೆ ಎಲ್ಲೂ ಗುಳ್ಳೆಯಿಲ್ಲ. ಪಂಪು ಹಾಕಿ ಒಳಗಿನ ಗಾಳಿ ತೆಗೆದ, ಗ್ಯಾಸು ತುಂಬಿದ. ನಾಲ್ಕೂವರೆಗೆ ಗುಲಾಬಿಗಳು ಬಿಗಿಯಾದವು. ಐದಕ್ಕೆ ಶಾಲೆಯವರು ಬಂದು ನಲವತ್ತನ್ನೂ ಒಯ್ದರು.

ಭಾವ ಬೀಗುತ್ತ ಗಲ್ಲಾದ ಕುರ್ಚಿಗೆ ಹೋಗಿ ಕೂತರು. ಬ್ರೆಡ್ಡು ಕೊಳ್ಳಲು ಬಂದವರಿಗೆಲ್ಲ ಕೇಳಿಸುವ ಹಾಗೆ ಅಂದರು: “ಎಷ್ಟೇ ಬೆಂಕಿ ಉಗುಳಿದ್ರೂ ಕೊನೆಗೆ ಅಂಗಡಿ ಮಾನ ಉಳಿಸಿದ್ದು ನನ್ನ ಸೋಲ್ಡರು. ಒಪ್ಕೋ.”

ತಾಮ್ರದಣ್ಣ ಪೆಟ್ಟಿಗೆ ಹೆಗಲಿಗೇರಿಸಿದ.

“ಒಪ್ಪಿದೆ ಭಾವ. ತಣ್ಣಗಿರೋ ಕಡೆ, ಒತ್ತಡ ಇಲ್ಲದ ಕಡೆ ನಿಮ್ಮದು ಚೆನ್ನಾಗೇ ನಿಲ್ಲುತ್ತೆ. ಅದಕ್ಕೇ ಅಲ್ವಾ, ಅಕ್ಕ ತಾನು ಒಲೆ ಮುಂದೆ ನಿಂತು ನಿಮ್ಮನ್ನ ಫ್ಯಾನಿನ ಕೆಳಗೆ ಕೂರಿಸಿರೋದು!”