ಸೀಬಿನ ಮನೆಯಲ್ಲಿ ಮಗಳ ಸಂದರ್ಶನ

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಎತ್ತಿದರೆ, ಆ ಕಡೆಯಿಂದ ಅರಬ್ಬಿ ಗಂಡಸೊಬ್ಬ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ, "ಮದೀನಾ ಇದ್ದಾರೆಯೇ?" ಎಂದು ಕೇಳಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ರಾಂಗ್ ನಂಬರ್ ಎಂದು ಹೇಳಿ ಇಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ. ಈ ಸಲ ಅವನು ಮಗಳ ಹೆಸರನ್ನೂ ಅದರ ಬೆನ್ನಿಗೆ ನಮ್ಮ ಯಜಮಾನರ ಹೆಸರನ್ನೂ ಬಿಡಿಸಿ ಬಿಡಿಸಿ ಓದಿದ. "ಮೇದಿನಿ ಶ್ರೀಕಂಠ. ಹದಿನೇಳು ವರ್ಷ. ಅವರ ಜೊತೆ ಮಾತನಾಡಬೇಕಿತ್ತು." ನಾವು ಮಸ್ಕತ್ತಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಬ್ಬ ಒಮಾನಿ ಗಂಡಸು ನಮ್ಮ ಮನೆಗೆ ಫೋನ್ ಮಾಡಿದ್ದಿಲ್ಲ, ಅದರಲ್ಲೂ ವಯಸ್ಸಿಗೆ ಬಂದ ಮಗಳನ್ನು ಕೇಳಿಕೊಂಡು! ರಿಸೀವರನ್ನು ಕುಕ್ಕಿದೆ. ಸಾಲದ್ದಕ್ಕೆ ಗೋಡೆಯಿಂದ ಪ್ಲಗ್ಗನ್ನೂ ಕಿತ್ತೆ.

ಮೇಲಿನ ಮಹಡಿಯ ಲೀನಾಬಾಯಿ ಮಂಗಳೂರಿನವರು, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅವರು ಮಧ್ಯಾಹ್ನದ ಬಿಡುವಿಗೆ ಬರುವುದನ್ನೇ ಕಾದಿದ್ದು ಮೆಟ್ಟಿಲ ಮೇಲೆ ಹಿಡಿದೆ.

"ಹೆಸರು ಸಹ ಹೇಳಿದನಾ? ವಯಸ್ಸು ಸಹ? ಅಲ್ಲ, ಅವನಿಗೆ ಎಂತ ಬೇಕಿತ್ತಂತೆ?"

"ಹೇಳೋಕೆ ನಾನು ಬಿಟ್ಟಿದ್ರೆ ತಾನೇ."

"ನೀವೊಂದು ಜನ ಮಾರಾಯ್ರೆ! ಕೇಳಿ ಆದ ಮೇಲೆ ಇಡ್ಲಿಕ್ಕೆ ಆಗ್ತಿರ್ಲಿಲ್ವಾ?"

ಅಷ್ಟರಲ್ಲಿ ಮೇದಿನಿ ಶಾಲೆಯಿಂದ ಬಂದಳು. ವಿಷಯ ಕೇಳಿದವಳೇ ಚೀಲವನ್ನು ಮೆಟ್ಟಿಲ ಮೇಲೆ ಬಿಟ್ಟು ಕುಸಿದು ಕುಳಿತಳು. "ಅಮ್ಮಾ! ದಟ್ ವಾಸ್ ಮೈ ಇಂಟರ್‌ವ್ಯೂ!"

ಊರಿನಲ್ಲಿ ಕುಳಿತು ಓದುವವರಿಗೆ ಇದು ಅರ್ಥವಾಗಬೇಕಾದರೆ ಒಂದೆರಡು ಮಾತು ಹೇಳಬೇಕು. ಒಮಾನಿನಲ್ಲಿ ನಮ್ಮಂಥವರ ಮಕ್ಕಳಿಗೆ ಶಾಲೆ ಇದೆ, ಅದರ ಮುಂದೆ ಏನೂ ಇಲ್ಲ. ಹನ್ನೆರಡನೇ ತರಗತಿ ಮುಗಿಯಿತೆಂದರೆ ಮಕ್ಕಳು ಹೊರಡಲೇಬೇಕು. ಎಲ್ಲರ ಮನೆಯಲ್ಲೂ ಆ ವರ್ಷ ಹತ್ತಿರವಾದಂತೆ ಅಮ್ಮಂದಿರ ನಿದ್ದೆ ಹಾರಿಹೋಗುತ್ತಿತ್ತು. ಹೆಚ್ಚಿನವರು ಊರಿನ ಹಾಸ್ಟೆಲಿಗೆ ಕಳಿಸಿ ಇಂಜಿನಿಯರಿಂಗೋ ಮೆಡಿಕಲ್ಲೋ ಮಾಡಿಸುತ್ತಿದ್ದರು. ನಮ್ಮ ಮೇದಿನಿಗೆ ಎರಡೂ ಬೇಡ, ಕಲ್ಲು ಬೇಕು. ಚಿಕ್ಕಂದಿನಿಂದ ಅವಳಿಗೆ ಕಲ್ಲಿನ ಹುಚ್ಚು. ಇಲ್ಲಿಯ ಬೆಟ್ಟಗಳಲ್ಲಿ ಹುಲ್ಲುಕಡ್ಡಿ ಇಲ್ಲ, ಬರೀ ಬಂಡೆ. ಬಂದ ಹೊಸದರಲ್ಲಿ ಅವನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಚಾಮುಂಡಿ ಬೆಟ್ಟವನ್ನು ಯಾರೋ ಸುಲಿದಿಟ್ಟ ಹಾಗೆ ಕಾಣುತ್ತಿತ್ತು. ಅವಳಿಗೋ ಅದೇ ಪ್ರಾಣ. ಶುಕ್ರವಾರ ಬಂತೆಂದರೆ ಅಪ್ಪನನ್ನು ಎಳೆದುಕೊಂಡು ವಾದಿಗಳಿಗೆ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳಿಗೆ, ಹೋಗಿ ಕಲ್ಲು ಹೊತ್ತು ತರುತ್ತಿದ್ದಳು. ಭೂವಿಜ್ಞಾನ ಓದುತ್ತೇನೆ ಎಂದು ಶಾಲೆಯ ಮೇಷ್ಟರ ಸಹಾಯದಿಂದ ಅಮೆರಿಕದ ಒಂದು ಕಾಲೇಜಿಗೆ ಅರ್ಜಿ ಹಾಕಿದ್ದಳು. ಖರ್ಚನ್ನೆಲ್ಲ ಕಾಲೇಜೇ ಹೊರುವ ಸೀಟು ಸಿಕ್ಕರೆ ಹೋಗುವುದು, ಇಲ್ಲವಾದರೆ ಕಲ್ಲನ್ನು ಮರೆತು ಊರಿನಲ್ಲಿ ಸಿಕ್ಕಿದ್ದನ್ನು ಓದುವುದು ಎಂದು ಮಾತಾಗಿತ್ತು.

ಆ ಕಾಲೇಜಿನ ಪದ್ಧತಿ ನಮಗೆ ಹೊಸದು. ಅರ್ಜಿ ಹಾಕಿದ ಮಗುವಿನ ಊರಿನಲ್ಲಿ ತಮ್ಮ ಹಳೆಯ ವಿದ್ಯಾರ್ಥಿ ಯಾರಾದರೂ ಇದ್ದರೆ ಅವರು ಕರೆದು ಮಾತನಾಡಿಸಿ, ಹುಡುಗಿ ಹೇಗೆ ಎಂದು ಬರೆದು ಕಳಿಸಬೇಕು. ನಮ್ಮಲ್ಲಿ ಹಳೆಯ ವಿದ್ಯಾರ್ಥಿಗಳೆಂದರೆ ಸುವರ್ಣಮಹೋತ್ಸವಕ್ಕೆ ಚಂದಾ ಕೊಡುವವರು, ಅಷ್ಟೇ. ಇವರಿಗೆ ಸೀಟು ಕೊಡಿಸುವ ಅಥವಾ ತಪ್ಪಿಸುವ ಅಧಿಕಾರ! ಅಂಥವರ ಮುಖದ ಮೇಲೆ ನಾನು ಎರಡು ಸಲ ಫೋನ್ ಇಟ್ಟಿದ್ದೆ.

ಪ್ಲಗ್ ಸಿಕ್ಕಿಸಿ ಕಾಯತೊಡಗಿದೆವು. ಅವರ ನಂಬರು ನಮಗೆ ಗೊತ್ತಿರಲಿಲ್ಲ. ಆ ದಿನ ಬರಲಿಲ್ಲ, ಮರುದಿನವೂ ಇಲ್ಲ. ನಾನು ಸ್ನಾನಕ್ಕೆ ಹೋದರೂ ಬಾಗಿಲು ಓರೆ ಮಾಡಿಕೊಂಡೇ ಹೋಗುತ್ತಿದ್ದೆ. ಮಗಳು ನನ್ನ ಜೊತೆ ಜಗಳವಾಡಲಿಲ್ಲ, ಅದೇ ಹೆಚ್ಚು ಹಿಂಸೆ. ತಟ್ಟೆ ಮುಂದೆ ಕುಳಿತು ಅನ್ನ ಕಲಸುತ್ತಲೇ ಇರುತ್ತಿದ್ದಳು. ನನ್ನಿಂದಲೇ ಮಗುವಿನ ಬದುಕು ಹಾಳಾಯಿತು ಎಂದು ನನ್ನನ್ನೇ ಬೈದುಕೊಂಡೆ. ಕೊನೆಗೆ ಶನಿವಾರ ಸಂಜೆ ಫೋನ್ ಬಂತು. ಹಾರಿ ಎತ್ತಿದವಳು, ಅವರು ಬಾಯಿ ಬಿಡುವ ಮುಂಚೆಯೇ, "ಯೆಸ್, ಯೆಸ್, ಮದೀನಾ ಈಸ್ ಹಿಯರ್!" ಎಂದು ಕೂಗಿಬಿಟ್ಟೆ. ಆ ಕಡೆಯವರು ನಕ್ಕರು. ಹೆಸರು ಖಲ್ಫಾನ್, ಸರ್ಕಾರಿ ಇಲಾಖೆಯಲ್ಲಿ ಕೆಲಸ. ಗುರುವಾರ ನಾಲ್ಕಕ್ಕೆ ಮಸ್ಕತ್ತಿನಾಚೆ ಸೀಬಿನಲ್ಲಿರುವ ನಮ್ಮ ಮನೆಗೆ ಬನ್ನಿ, ನನ್ನ ತಾಯಿಯೂ ಇರುತ್ತಾರೆ, ನೀವೂ ಮಗಳ ಜೊತೆ ಬನ್ನಿ ಎಂದರು.

ಮನೆಯಲ್ಲಿ ತಯಾರಿ ಶುರುವಾಯಿತು. ಯಜಮಾನರು ಗುಬ್ರಾದಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ಸ್ಥಾವರದಲ್ಲಿ ಇಂಜಿನಿಯರ್. ಮೈಸೂರಿನ ನಲ್ಲಿಯಲ್ಲಿ ಬರುವುದು ಕಾವೇರಿ, ಇಲ್ಲಿಯ ನಲ್ಲಿಯಲ್ಲಿ ಬರುವುದು ನೀವು ಎಂದು ನಾನು ಅವರನ್ನು ರೇಗಿಸುವುದುಂಟು. ಅವರಿಗೆ ಸಂದರ್ಶನವೆಂದರೆ ಗೊತ್ತಿದ್ದದ್ದು ಒಂದೇ, ಮಸ್ಕತ್ತಿನ ಕೆಲಸಕ್ಕಾಗಿ ಬೊಂಬಾಯಿಯ ಹೋಟೆಲೊಂದರಲ್ಲಿ ತಾವು ಸಾಲಿನಲ್ಲಿ ನಿಂತು ಕೊಟ್ಟದ್ದು. ಎಲ್ಲದಕ್ಕೂ ಹೂಂ ಅನ್ನು, ನೀನಾಗಿ ಏನೂ ಕೇಳಬೇಡ ಎಂದು ಏಜೆಂಟು ಹೇಳಿಕೊಟ್ಟಿದ್ದನಂತೆ. ಆ ಮಂತ್ರವನ್ನೇ ಮಗಳಿಗೆ ಉಪದೇಶ ಮಾಡಿದರು.

"ಬೆನ್ನು ನೆಟ್ಟಗಿಟ್ಕೊಂಡು ಕೂತ್ಕೋ. ಕೇಳಿದ್ದಕ್ಕೆ ಮಾತ್ರ ಉತ್ತರ. ಎಲ್ಲಿಯವಳು ಅಂದ್ರೆ ಏನಂತೀಯ?"

"ಮಸ್ಕತ್."

"ಮೈಸೂರು, ಇಂಡಿಯಾ. ಸಿಟಿ ಆಫ್ ಪ್ಯಾಲೇಸಸ್ ಅಂತ ಸೇರಿಸು."

"ಅಪ್ಪಾ, ಮೈಸೂರಿಗೆ ಹೋದ್ರೆ ಎಲ್ರೂ ನನ್ನ ದುಬೈ ಹುಡುಗಿ ಅಂತಾರೆ. ದೇ ಡೋಂಟ್ ಈವನ್ ಗೆಟ್ ದ ಕಂಟ್ರಿ ರೈಟ್."

"ಹೇಳಿದಷ್ಟು ಹೇಳು. ವಾದ ಬೇಡ."

ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದು ಹೇಗೆಂದು ನಾನು ಮೈಸೂರ್‌ಪಾಕ್ ಮಾಡಿದೆ. ಲಂಚ ಅಂದುಕೊಂಡಾರು ಕಣೇ, ಮುಚ್ಚಿಡು ಎಂದು ಇವರು ತಡೆದರು. ಗುರುವಾರ ಇವರಿಗೆ ಶಿಫ್ಟ್. ನಾನೂ ಮಗಳೂ ಕಿತ್ತಳೆ ಬಣ್ಣದ ಟ್ಯಾಕ್ಸಿ ಹತ್ತಿದೆವು. ದಾರಿಯುದ್ದಕ್ಕೂ ಮಗಳ ಕೈ ಹಿಡಿದೇ ಕುಳಿತಿದ್ದೆ.

ಮನೆ ಸಮುದ್ರಕ್ಕೆ ಹತ್ತಿರ, ಎತ್ತರದ ಬಿಳಿ ಕಾಂಪೌಂಡು. ಒಳಗೆ ಉದ್ದನೆಯ ಮಜ್ಲಿಸ್, ಅಂದರೆ ಬಂದವರನ್ನು ಕೂರಿಸುವ ಹಜಾರ. ಗೋಡೆಗುಂಟ ಒರಗುದಿಂಬುಗಳು, ಧೂಪದ ವಾಸನೆ. ನಲವತ್ತರ ಹತ್ತಿರದ ಖಲ್ಫಾನ್ ಬಿಳಿ ನಿಲುವಂಗಿಯಲ್ಲಿ ಬಂದು ಎದೆಗೆ ಕೈ ಹಚ್ಚಿ ನಮಸ್ಕರಿಸಿದರು. ಮಗಳನ್ನು ಹಜಾರದ ಆ ತುದಿಯಲ್ಲಿ ಕೂರಿಸಿ ತಾವು ಎದುರು ಕುಳಿತರು. ಈ ತುದಿಯಲ್ಲಿ ನಾನು ಮತ್ತು ಅವರ ತಾಯಿ. ಆ ಅಜ್ಜಿಗೆ ಮತ್ರಾ ಪೇಟೆಯ ಭಾರತೀಯ ಅಂಗಡಿಗಳಲ್ಲಿ ಬಟ್ಟೆ ಕೊಂಡು ಕೊಂಡು ಹಿಂದಿ ಬಂದಿತ್ತು. ಲಿಂಗ, ವಚನಗಳ ಗೋಜೇ ಇಲ್ಲದ ಹಿಂದಿ. ನನ್ನದೂ ಅಷ್ಟಕ್ಕಷ್ಟೆ, ಹಾಗಾಗಿ ಚೆನ್ನಾಗಿ ಹೊಂದಿತು.

ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕಾವಾ ಕೊಟ್ಟರು. ಹಾಲಿಲ್ಲದ, ಸಕ್ಕರೆಯಿಲ್ಲದ, ಏಲಕ್ಕಿ ಹಾಕಿದ ಕಾಫಿ. ಕುಡಿದು ವಾಪಸ್ಸು ಕೊಡಲು ಬಟ್ಟಲು ಚಾಚಿದೆ, ಮತ್ತೆ ತುಂಬಿಸಿದರು. ಬೇಡ ಎನ್ನುವುದು ಅವಮರ್ಯಾದೆಯಾದೀತೆಂದು ಕುಡಿದೆ. ಮತ್ತೆ ತುಂಬಿಸಿದರು. ನನ್ನ ಕಿವಿಯೆಲ್ಲ ಆ ತುದಿಯ ಮೇಲೆ. ಅಲ್ಲಿಂದ ಬರುತ್ತಿದ್ದುದು ಅರ್ಧರ್ಧ ಮಾತು. ಮಗಳು ಬೆನ್ನು ನೆಟ್ಟಗಿಟ್ಟುಕೊಂಡು ಯೆಸ್ ಸರ್, ಯೆಸ್ ಸರ್ ಎನ್ನುತ್ತಿದ್ದಳು. ಖಲ್ಫಾನರ ಮುಖದಲ್ಲಿ ಒಂದು ಬಗೆಯ ಬೇಸರ ಕಾಣುತ್ತಿತ್ತು. ಬೊಂಬಾಯಿಯ ಮಂತ್ರ ಇಲ್ಲಿ ನಾಟುತ್ತಿಲ್ಲ ಎಂದು ನನಗೂ ಗೊತ್ತಾಯಿತು. ಐದನೆಯ ಬಟ್ಟಲನ್ನು ಕಣ್ಣು ಮುಚ್ಚಿ ಕುಡಿದೆ. ನನ್ನ ಅವಸ್ಥೆ ನೋಡಿ ಅಜ್ಜಿ ಕಿಸಕ್ಕನೆ ನಕ್ಕು, ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ ತೋರಿಸಿದರು. "ಐಸಾ ಕರೋ. ಬಸ್ ಬೋಲ್‌ನೇ ಕಾ ತರೀಕಾ. ಕಿತನಾ ಸಾಲ್ ಮಸ್ಕತ್?"

ಸಾಕು ಎನ್ನುವ ಕ್ರಮ ಹೀಗೆ ಎಂದು ಪಾಠ, ಅದರ ಬೆನ್ನಿಗೆ ಮಸ್ಕತ್ತಿಗೆ ಬಂದು ಎಷ್ಟು ವರ್ಷವಾಯಿತು ಎಂಬ ಪ್ರಶ್ನೆ. "ಚೌದಾ," ಹದಿನಾಲ್ಕು, ಎಂದೆ.

"ಚೌದಾ!" ಅಜ್ಜಿ ನನ್ನ ಬಟ್ಟಲನ್ನೂ ಮುಖವನ್ನೂ ನೋಡಿದರು. ನನಗೆ ನಾಚಿಕೆಯಾಯಿತು. ಗುಬ್ರಾದ ಫ್ಲ್ಯಾಟು, ಇಂಡಿಯನ್ ಶಾಲೆ, ಇಂಡಿಯನ್ ಅಂಗಡಿ, ಶುಕ್ರವಾರ ದಾರ್ಸೈಟಿನ ಕೃಷ್ಣ ದೇವಸ್ಥಾನ, ಇಷ್ಟರಲ್ಲೇ ನನ್ನ ಒಮಾನ್ ಮುಗಿದುಹೋಗಿತ್ತು. ಮೈಸೂರಿನಲ್ಲಾದರೆ ಪಕ್ಕದ ಮನೆಯ ಸಾರಿನ ಒಗ್ಗರಣೆ ಕೇಳಿ ಅವರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳುತ್ತಿದ್ದವಳು ನಾನು.

ಅಷ್ಟರಲ್ಲಿ ಆ ತುದಿಯಲ್ಲಿ ಖಲ್ಫಾನ್ ಸ್ವಲ್ಪ ಗಟ್ಟಿಯಾಗಿ ಕೇಳಿದ್ದು ಪೂರ್ತಿ ಕೇಳಿಸಿತು. "ಅಲ್ಲಿ ಹೋದ ಮೊದಲ ದಿನ ಹಾಸ್ಟೆಲಿನಲ್ಲಿ ನಿನ್ನ ಕೋಣೆಯ ಹುಡುಗಿ ಎಲ್ಲಿಯವಳು ಎಂದರೆ ಏನು ಹೇಳುತ್ತೀ?"

ಮೇದಿನಿ ನನ್ನ ಕಡೆ ತಿರುಗಿ ನೋಡಿದಳು. ಮೈಸೂರು, ಮೈಸೂರು ಎಂದು ನಾನು ತುಟಿ ಅಲ್ಲಾಡಿಸಿದೆ. ಅವಳು ಮುಖ ತಿರುಗಿಸಿ, ಬೆನ್ನು ಸಡಿಲ ಬಿಟ್ಟು, "ಮಸ್ಕತ್ ಎನ್ನುತ್ತೇನೆ ಸರ್. ಆದರೆ ಅದು ಪೂರ್ತಿ ಸರಿಯಲ್ಲ. ನನಗೆ ಇಲ್ಲಿಯ ಬೆಟ್ಟ ಗೊತ್ತು, ಮನೆ ಗೊತ್ತಿಲ್ಲ. ನಾನು ಒಳಗೆ ಬಂದ ಮೊದಲ ಒಮಾನಿ ಮನೆ ನಿಮ್ಮದು," ಎಂದಳು.

ಕೆಟ್ಟೆವು ಎಂದುಕೊಂಡೆ. ಅವರದೇ ಮನೆಯಲ್ಲಿ ಕುಳಿತು, ನೀವು ನಮ್ಮನ್ನು ಕರೆಯಲೇ ಇಲ್ಲ ಎಂದು ಅಂದ ಹಾಗಾಯಿತಲ್ಲ! ಖಲ್ಫಾನ್, ಬೆಟ್ಟದ ಬಗ್ಗೆ ಹೇಳು ಎಂದರು. ಅವಳು ಶುರು ಮಾಡಿದಳು ನೋಡಿ. ಒಂದು ಕಾಲಕ್ಕೆ ಈ ಬಂಡೆಗಳೆಲ್ಲ ಸಮುದ್ರದ ತಳದಲ್ಲಿದ್ದವಂತೆ, ಮೇಲೆದ್ದು ಬಂದವಂತೆ. ಕೈಯಾಡಿಸುತ್ತಾ, ನಗುತ್ತಾ, ಮಧ್ಯೆ ಅವರನ್ನೇ ನಾಲ್ಕು ಪ್ರಶ್ನೆ ಕೇಳುತ್ತಾ ಹೇಳಿದಳು. ಏನೂ ಕೇಳಬೇಡ ಎಂದು ಅಪ್ಪ ಹೇಳಿದ್ದು ಅವಳಿಗೆ ಮರೆತೇಹೋಗಿತ್ತು. ನನಗೆ ಒಂದೂ ತಲೆಗೆ ಹತ್ತಲಿಲ್ಲ. ಮೊದಲಿನ ಮಾತಿನಲ್ಲೇ ನನ್ನ ಜೀವ ಸಿಕ್ಕಿಕೊಂಡಿತ್ತು.

"ಹಾಗಾ ಹೇಳಿದ್ಲು?" ಎಂದು ರಾತ್ರಿ ಯಜಮಾನರು ತಲೆಯ ಮೇಲೆ ಕೈ ಹೊತ್ತರು. ಆಮೇಲಿನ ಎರಡು ತಿಂಗಳು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಹಾಲು ಉಕ್ಕಿಸಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಲೀನಾಬಾಯಿ ಮಾತ್ರ, "ಹುಡುಗಿ ಸತ್ಯ ಹೇಳಿದ್ಳಲ್ಲ, ಇನ್ನೆಂತ ಹೇಳ್ಬೇಕಿತ್ತು?" ಎಂದು ದಿನವೂ ಸಮಾಧಾನ ಮಾಡುತ್ತಿದ್ದರು. ಸೀಟು ಬರಲಿ ಎಂದು ದೇವರಿಗೆ ಕೈಮುಗಿದ ಮರುಗಳಿಗೆಯೇ, ಬಂದರೆ ಮಗು ಅಷ್ಟು ದೂರ ಹೋಗುತ್ತದಲ್ಲ ಎಂದು ಅದೇ ದೇವರ ಮುಂದೆ ಅಳುತ್ತಿದ್ದೆ. ದೇವರಿಗೂ ನನ್ನ ಪ್ರಾರ್ಥನೆಯ ತಲೆಬುಡ ತಿಳಿದಿರಲಾರದು.

ಒಂದು ದಿನ ಬೆಳಗ್ಗೆ ನಾನೊಬ್ಬಳೇ ಇದ್ದಾಗ ಫೋನ್ ಬಂತು. "ಮಬ್ರೂಕ್," ಎಂದರು ಖಲ್ಫಾನ್. ಮಬ್ರೂಕ್ ಎಂದರೆ ಅಭಿನಂದನೆ. ಸೀಟು ಸಿಕ್ಕಿದೆ, ಖರ್ಚೆಲ್ಲ ಕಾಲೇಜಿನದೇ, ಪತ್ರ ನಿಮಗೂ ಬರುತ್ತದೆ ಎಂದರು. ನಾನು ಅಳುತ್ತಾ ಥ್ಯಾಂಕ್ಸ್ ಹೇಳಿ, ತಡೆಯಲಾರದೆ ಕೇಳಿಬಿಟ್ಟೆ. ಅವಳು ನಿಮ್ಮ ಮನೆಯ ಬಗ್ಗೆ ಹಾಗೆಂದದ್ದಕ್ಕೆ ಬೇಜಾರಾಗಲಿಲ್ಲವೇ?

"ಬೇಜಾರೇಕೆ? ನಾನು ಅಮೆರಿಕದಲ್ಲಿ ಓದುವಾಗ ಒಂದು ವರ್ಷ ಯಾರೂ ನನ್ನನ್ನು ಮನೆಗೆ ಕರೆಯಲಿಲ್ಲ. ಅಲ್ಲಿಯವರು ಮನೆಯೊಳಗೆ ಹೇಗಿರುತ್ತಾರೆಂದು ಕಿಟಕಿಯ ದೀಪ ನೋಡಿ ಊಹಿಸುತ್ತಿದ್ದೆ. ಅವಳು ಹೇಳಿದ್ದು ನನಗೆ ಗೊತ್ತಿದ್ದದ್ದೇ. ನಾನೂ ನಿಮ್ಮ ಫ್ಲ್ಯಾಟುಗಳ ಒಳಗೆ ಬಂದಿಲ್ಲ."

ಅದೇ ಉಸಿರಿನಲ್ಲಿ ನಾನು ಊಟಕ್ಕೆ ಕರೆದೆ. ಶುಕ್ರವಾರ ತಾಯಿ, ಮಗ ಇಬ್ಬರೂ ಬಂದರು. ಅಜ್ಜಿ ಕುರ್ಚಿ ಬೇಡವೆಂದು ಚಾಪೆಯ ಮೇಲೇ ಕುಳಿತರು. ಎಲ್ಲರೂ ಕೆಳಗೇ ಕುಳಿತೆವು. ಬಿಸಿಬೇಳೆಬಾತ್ ಹಿಡಿಸಿತು, ಅದಕ್ಕಿಂತ ಹಪ್ಪಳ ಹಿಡಿಸಿತು. ಖಲ್ಫಾನರೂ ಮೇದಿನಿಯೂ ಅಲ್ಲಿಯ ಹಿಮದ ಬಗ್ಗೆ, ಕೋಟಿನ ಬಗ್ಗೆ ಮಾತನಾಡುತ್ತಿದ್ದರು. ನನಗೆ ಮೊದಲ ಸಲ ಈ ಮನೆ ನಮ್ಮದು ಎನ್ನಿಸಿತು. ನೆಂಟರು ಬಂದು ಉಂಡರಲ್ಲ, ಅದಕ್ಕಿರಬೇಕು.

ಅಜ್ಜಿ ಮೇದಿನಿಯ ಗಲ್ಲ ಹಿಡಿದು, ರಜೆಗೆ ಬಂದಾಗ ಸೀಬಿಗೆ ಬಂದು ನನ್ನ ಜೊತೆ ನಾಲ್ಕು ದಿನ ಇರಬೇಕು ಎಂದರು. ನಾನು ಯಜಮಾನರ ಮುಖ ನೋಡಿದೆ. ಇಲ್ಲಿಯ ನಿಯಮದಂತೆ ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ವಾಸದ ವೀಸಾ ಬಿದ್ದುಹೋಗುತ್ತದೆ. ಮಗಳು ತನ್ನ ಮನೆಗೇ ಅತಿಥಿಯ ವೀಸಾ ಹಿಡಿದು ಬರಬೇಕು, ಅದನ್ನೂ ಇವರ ಕಫೀಲ್, ಅಂದರೆ ಕೆಲಸಕ್ಕೆ ಕರೆಸಿಕೊಂಡ ಧಣಿ, ಮನಸ್ಸು ಮಾಡಿದರೆ. ಇವರ ಕಾಂಟ್ರಾಕ್ಟೂ ಮುಂದಿನ ವರ್ಷ ಮುಗಿಯುವುದಿತ್ತು. ಆಮೇಲೆ ನಾವೇ ಇಲ್ಲಿರುತ್ತೇವೋ ಇಲ್ಲವೋ. ಮೈಸೂರಿನ ಮನೆಯಲ್ಲಿ ಬಾಡಿಗೆಯವರಿದ್ದರು. ಇದನ್ನೆಲ್ಲ ನನ್ನ ಹಿಂದಿಯಲ್ಲಿ ಹೇಗೋ ಹೇಳಿದೆ. ಅಜ್ಜಿಗೆ ವೀಸಾದ ಮಾತು ತಮಾಷೆಯೆನ್ನಿಸಿತು. ಮೂರು ವರ್ಷದವಳಿದ್ದಾಗಿನಿಂದ ಇಲ್ಲೇ ಬೆಳೆದ ಹುಡುಗಿಗೆ ವೀಸಾ ಯಾಕೆ ಎಂದು ನನ್ನನ್ನು ಕೇಳಿ, ಅದನ್ನೇ ಮಗನ ಕಡೆ ತಿರುಗಿ ಅರಬ್ಬಿಯಲ್ಲೂ ಕೇಳಿದರು. ಖಲ್ಫಾನ್ ತಲೆ ತಗ್ಗಿಸಿಕೊಂಡು ಏನೋ ಹೇಳಿದರು. ಅಜ್ಜಿಯ ನಗು ನಿಂತಿತು.

"ತೋ ಬೇಟಿ ವಾಪಸ್ ಕಿಧರ್ ಆಯೇಗಾ?" ಎಂದು ನನ್ನನ್ನು ಕೇಳಿದರು. ಹಾಗಾದರೆ ಮಗಳು ವಾಪಸ್ಸು ಬರುವುದು ಎಲ್ಲಿಗೆ?

ನಾನು ಸೌಟು ಹಿಡಿದು ಅವರ ತಟ್ಟೆಗೆ ಇನ್ನಷ್ಟು ಬಾತ್ ಬಡಿಸಿದೆ. ಯಜಮಾನರು ಸಹಾಯಕ್ಕೆ ಬಂದು, "ಇನ್ಶಾ ಅಲ್ಲಾ," ಎಂದರು. ದೇವರಿಚ್ಛೆ ಎಂದು ಅರ್ಥ. ಮಾತು ಮುಗಿಸಬೇಕಾದಾಗ ಇಲ್ಲಿ ಎಲ್ಲರೂ ಹೇಳುವುದು ಅದನ್ನೇ.

"ಇನ್ಶಾ ಅಲ್ಲಾ ಠೀಕ್," ಎಂದರು ಅಜ್ಜಿ. "ಕಿಧರ್?"

ಮೇದಿನಿ ನನ್ನ ಮುಖ ನೋಡಿದಳು, ನಾನು ಅವಳಪ್ಪನ ಮುಖ ನೋಡಿದೆ. ಅಜ್ಜಿ ಕೈಯಲ್ಲಿದ್ದ ಹಪ್ಪಳವನ್ನು ಮುರಿಯದೆ ಕಾಯುತ್ತಲೇ ಇದ್ದರು.