ನಾನು ಬರೆದ ಹಸುರು ಹಾವು

ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. ನನಗಾಗ ಹನ್ನೆರಡು ವರ್ಷ, ಹೊಳೆನರಸೀಪುರದ ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಪತ್ರಿಕೆಯಲ್ಲಿ ಬಂದಿದ್ದ ಚಿತ್ರ ತಂದು ತೋರಿಸಿದರು. ಶತ್ರು ವಿಮಾನಕ್ಕೆ ಕಾಣದಿರಲೆಂದು ಸೊಪ್ಪುಸದೆ ಹೊದಿಸಿ ನಿಲ್ಲಿಸಿದ ಮಿಲಿಟರಿ ಲಾರಿ.

"ಪ್ರಾಣಿಗಳು ಈ ವಿದ್ಯೆ ಯಾವತ್ತೋ ಕಲಿತಿವೆ ಕಣ್ರೋ. ಒಬ್ಬೊಬ್ಬರೂ ಒಂದೊಂದು ಅಡಗಿರೋ ಪ್ರಾಣಿ ಬರೀರಿ. ನೋಡಿದವರಿಗೆ ತಟ್ಟನೆ ಕಾಣಬಾರದು. ಹೆಡ್ ಮೇಷ್ಟ್ರೂ ನೋಡ್ತಾರೆ," ಎಂದರು.

ಶನಿವಾರ ನಮ್ಮನ್ನೆಲ್ಲ ಹೇಮಾವತಿಯ ದಡಕ್ಕೆ ಕರೆದೊಯ್ದರು. ಒಂದು ಹೊಂಗೆ ಮರದಲ್ಲಿ ಹಸುರು ಹಾವು ನನ್ನ ಕಣ್ಣಿಗೆ ಬಿತ್ತು. ಬೆರಳಿಟ್ಟು ತೋರಿಸಿದರೂ ಯಾರಿಗೂ ಕಾಣಲಿಲ್ಲ, ಮೇಷ್ಟ್ರಿಗೂ ಕಾಣಲಿಲ್ಲ. ಅದು ಕತ್ತು ಆಡಿಸಿದ ಮೇಲೇ ಹುಡುಗರು ಕಿರುಚಿಕೊಂಡು ಹಿಂದೆ ಸರಿದದ್ದು.

"ಕಣ್ಣು ಅಂದ್ರೆ ಇವನದು!" ಎಂದು ಮೇಷ್ಟ್ರು ಬೆನ್ನು ತಟ್ಟಿದರು.

ಸೋಮವಾರ ಚಿತ್ರ ಬರೆದೆವು. ಸ್ಕೂಲಿನ ಬಣ್ಣದ ಬಿಲ್ಲೆಗಳನ್ನು ಒಂದು ತಟ್ಟೆಯಲ್ಲಿ ಹಾಕಿಟ್ಟಿದ್ದರು. ಎಲೆಗೆ ಒಂದು ಬಿಲ್ಲೆ ತೆಗೆದುಕೊಂಡೆ. ಅದು ಸವೆದು ಮುಗಿಯುತ್ತ ಬಂದಿದ್ದರಿಂದ ಹಾವಿಗೆ ಅಂಥದ್ದೇ ಇನ್ನೊಂದು. ಮುಗಿದಾಗ ನಾನೇ ಹಾವು ಎಲ್ಲಿದೆಯೆಂದು ಹುಡುಕುವ ಹಾಗಿತ್ತು. ಹೆಮ್ಮೆಯಿಂದ ಕೊಟ್ಟೆ.

ಮೇಷ್ಟ್ರು ಅದನ್ನು ಎತ್ತಿ ಹಿಡಿದದ್ದೇ ತಡ, ತರಗತಿಯೆಲ್ಲ ಗೊಳ್ಳೆಂದಿತು.

"ಏನೋ ಇದು?"

"ಹಸುರು ಹಾವು ಸಾ."

"ಹಸುರಾ ಇದು? ಇಟ್ಟಿಗೆ ಕೆಂಪು! ಹೆಡ್ ಮೇಷ್ಟ್ರು ನೋಡೋ ಚಿತ್ರ ಅಂತ ಹೇಳಿರಲಿಲ್ವಾ?"

"ಹಸುರೇ ಅಲ್ವಾ ಸಾ?" ಎಂದೆ. ನಿಜವಾಗಿಯೂ ಕೇಳಿದ್ದೆ. ಅವರಿಗದು ಉದ್ಧಟತನವಾಗಿ ಕಂಡಿತು. ಅಂಗೈಗೆ ನಾಲ್ಕು ಏಟು ಬಿದ್ದವು.

ನಮ್ಮದು ಪೇಟೆಯಲ್ಲಿ ಬಟ್ಟೆ ಅಂಗಡಿ. ಸಂಜೆ ಬಾಸುಂಡೆ ನೋಡಿ ಅಪ್ಪಾಜಿ ಕಾರಣ ಕೇಳಿದರು. ಹೇಳಿದೆ. ಅವರು ಎದ್ದು ಎರಡು ರವಿಕೆ ಕಣ ತಂದು ನನ್ನ ಮುಂದೆ ಹಾಸಿದರು.

"ಇದರಲ್ಲಿ ಕೆಂಪು ಯಾವುದು?"

"ಎರಡೂ ಒಂದೇ ಅಲ್ವಾ ಅಪ್ಪಾಜಿ?"

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಪ್ಪಾಜಿ ಕಣಗಳನ್ನು ಮಡಿಸಿ, "ಒಳಗೆ ಹೋಗು," ಎಂದರು. ಹಿರೀಮಗ ನಾನು, ಆ ಅಂಗಡಿ ನನ್ನದಾಗಬೇಕಿತ್ತು.

ಮುಂದಿನ ವಾರ ರೈಲಿನಲ್ಲಿ ಹಾಸನಕ್ಕೆ ಕರೆದೊಯ್ದರು. ಡಾಕ್ಟರು ಉಣ್ಣೆಯ ದಾರಗಳನ್ನು ಹರಡಿ, ಒಂದೇ ಬಣ್ಣದವನ್ನು ಜೊತೆ ಮಾಡೆಂದರು. ನನ್ನ ಜೋಡಿಗಳನ್ನು ನೋಡಿ, "ಇವನಿಗೆ ಕೆಂಪು, ಹಸುರು ಒಂದೇ ಥರ ಕಾಣುತ್ತೆ. ಇದು ಹುಟ್ಟಿನಿಂದಲೇ ಬಂದದ್ದು, ಔಷಧಿ ಇಲ್ಲ. ತಾಯಿ ಕಡೆಯಿಂದ ಬರುತ್ತೆ," ಎಂದರು.

ಆ ಕೊನೆಯ ಮಾತು ಹೇಳದಿದ್ದರೆ ಚೆನ್ನಾಗಿತ್ತು. ಅಪ್ಪಾಜಿ ಎಷ್ಟೋ ದಿನ ಅವ್ವನ ಜೊತೆ ಮಾತೇ ಆಡಲಿಲ್ಲ. ಅವ್ವ ಒಲೆ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ಅರಕಲಗೂಡಿನಲ್ಲಿ ನಮ್ಮಪ್ಪ ಅಣ್ಣು ಮೆಣಸಿನಕಾಯಿ ಬುಟ್ಟು ಕಾಯೇ ಕಿತ್ಕೊಂಡ್ ಬರೋನು. ಊರೋರೆಲ್ಲ ಪೆದ್ದ ಅಂತಿದ್ರು ಕಣ್ ಮಗ. ನಾನೂ ನಗ್ತಿದ್ದೆ."

ಅಪ್ಪಾಜಿ ಸ್ಕೂಲಿಗೆ ಹೋಗಿ ವಿಷಯ ತಿಳಿಸಿದರು. ಮರುದಿನ ನೋಡಿದರೆ ಪ್ರತಿ ಬಣ್ಣದ ಬಿಲ್ಲೆಗೂ ಹೆಸರು ಬರೆದ ಚೀಟಿ ಅಂಟಿಸಿತ್ತು. ಮೇಷ್ಟ್ರು ಒಳ್ಳೆಯದಕ್ಕೇ ಮಾಡಿದ್ದರು. ಆದರೆ ಅದು ಯಾರಿಗಾಗಿ ಎಂದು ಹುಡುಗರಿಗೆಲ್ಲ ಗೊತ್ತಾಯಿತು. "ಲೇ, ಇದ್ಯಾವ ಬಣ್ಣ ಏಳ್ಲಾ?" ಎಂದು ಎಲೆ, ಹೂವು, ಚಡ್ಡಿ, ಸಿಕ್ಕಿದ್ದನ್ನೆಲ್ಲ ಮುಖಕ್ಕೆ ಹಿಡಿಯುತ್ತಿದ್ದರು. ನಾನು ಕುಂಚ ಮುಟ್ಟುವುದನ್ನೇ ಬಿಟ್ಟೆ.

ಪರೀಕ್ಷೆಗೆ ಮುಂಚೆ ಒಂದು ಮಧ್ಯಾಹ್ನ ಮೇಷ್ಟ್ರು ನನ್ನನ್ನು ಜಗಲಿಯಲ್ಲಿ ನಿಲ್ಲಿಸಿದರು. "ಅವತ್ತು ಹೊಡೆದದ್ದು ತಪ್ಪಾಯ್ತು ಕಣಪ್ಪ. ನನಗೆ ತಿಳೀಲಿಲ್ಲ," ಎಂದರು. ಅಷ್ಟು ದೊಡ್ಡವರು ಹಾಗೆಂದದ್ದು ಕೇಳಿ ನನಗೆ ಭಯವಾಯಿತು. ಉತ್ತರ ಕೊಡದೆ ಓಡಿಬಿಟ್ಟೆ. ಬೇಸಿಗೆಯಲ್ಲಿ ಅವರಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು.

ಅಂಗಡಿ ತಮ್ಮನ ಪಾಲಾಯಿತು. ನಾನು ಲೆಕ್ಕದ ಮೇಷ್ಟ್ರಾದೆ. ಯುದ್ಧ ಮುಗಿದು ಮೂರು ವರ್ಷಕ್ಕೆ ನನಗೂ ಚನ್ನರಾಯಪಟ್ಟಣದಲ್ಲೇ ಕೆಲಸ ಸಿಕ್ಕಿತು. ಹೋದವನೇ ಡ್ರಾಯಿಂಗ್ ಮೇಷ್ಟ್ರನ್ನು ವಿಚಾರಿಸಿದೆ. ಕೆಲಸ ಬಿಟ್ಟು ಹೆಂಡತಿಯ ಊರಿಗೆ ಹೋದರು, ಯಾವ ಊರೋ ಗೊತ್ತಿಲ್ಲ ಎಂದರು ಸ್ಕೂಲಿನವರು. "ಪರವಾಗಿಲ್ಲ ಸಾ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಅಷ್ಟನ್ನೂ ನಾನು ಹೇಳಿರಲಿಲ್ಲ.