ಐದನೆಯ ಮೈಕು

ತಂತಿಯಲ್ಲಿ ದೆವ್ವ ಕೂರುವುದಿಲ್ಲ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹದಿನೈದು ವರ್ಷ ನೌಕಾಪಡೆಯಲ್ಲಿ ಸಂದೇಶ ಕಳಿಸುವ, ಕೇಳಿಸಿಕೊಳ್ಳುವ ಕೆಲಸ ಮಾಡಿದವನು ನಾನು. ಈ ತುದಿಯಲ್ಲಿ ಹಾಕಿದ್ದೇ ಆ ತುದಿಯಲ್ಲಿ ಬರುತ್ತದೆ. ಬರಬಾರದ್ದು ಬಂದರೆ ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ ಅಂತ ಅರ್ಥ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಅವರಿಗೊಂದು ಚಹಾ ಕುಡಿಸಿ, ಮನೆಗೆ ಹೋಗಿ ಮಲಗಿಕೊಳ್ಳಿ ಎಂದು ಕಳಿಸಿಬಿಡುತ್ತಿದ್ದೆ.

ಮೊದಲು ಈರಣ್ಣನ ಬಗ್ಗೆ ಹೇಳಬೇಕು. ಅವನು ಗದಗಿನ ಕಡೆಯವನು, ನಾನು ಹಾವೇರಿಯವನು. ಒಂದೇ ಹಡಗು, ಒಂದೇ ಕೆಲಸ. ನಮ್ಮಪ್ಪ ಸಾಲೆಯ ಮಾಸ್ತರರು ಎಂದು ತಿಳಿದ ದಿನದಿಂದ ಅವನು ನನ್ನನ್ನು ‘ಮಾಸ್ತರ’ ಎಂದೇ ಕರೆಯುತ್ತಿದ್ದ. ಹಾಗೆ ಕರೆದವನು ಅವನೊಬ್ಬನೇ. ನೌಕಾಪಡೆ ಬಿಟ್ಟ ಮೇಲೆ ಇಬ್ಬರೂ ಊರಿಗೆ ಮರಳಲಿಲ್ಲ. ನಾನು ತೆಲುಗಿನ ಹುಡುಗಿಯನ್ನು ಮದುವೆಯಾಗಿ ವಿಶಾಖಪಟ್ಟಣದಲ್ಲೇ ಉಳಿದೆ, ಸಭಾಂಗಣಗಳಿಗೆ ಧ್ವನಿವ್ಯವಸ್ಥೆ ಮಾಡಿಕೊಡುವ ಕೆಲಸ ಹಿಡಿದೆ. ಅವನು ಹೆಂಡತಿ, ಮಗಳ ಜೊತೆ ಭೀಮುನಿಪಟ್ಟಣದಲ್ಲಿ ಮನೆ ಮಾಡಿದ.

ಆಮೇಲೆ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಒಂದೆರಡು ಸಲ ಹೋಗಿ ನೋಡಿಕೊಂಡು ಬಂದೆ, ಮತ್ತೆ ಕೆಲಸದಲ್ಲಿ ಮುಳುಗಿದೆ. ಒಂದು ದಿನ ಏಣಿಯ ಮೇಲೆ ನಿಂತು ಸ್ಪೀಕರ್ ಕಟ್ಟುತ್ತಿದ್ದಾಗ ಅವನ ಫೋನ್ ಬಂತು. ಎತ್ತಿದರೆ ಮಾತಿಲ್ಲ. ಬರೀ ಉಸಿರು, ಗೊರಗೊರ ಸದ್ದು. “ಏನೂ ಕೇಳಸವಲ್ದೋ ಈರಣ್ಣಾ, ಆಮ್ಯಾಲೆ ಮಾಡು” ಎಂದು ಇಟ್ಟುಬಿಟ್ಟೆ. ತಿರುಗಿ ಮಾಡಲಿಲ್ಲ. ನಾಲ್ಕನೆಯ ದಿನ ಅವನು ಹೋದ. ಗಂಟಲಿಗೆ ನಳಿಕೆ ಹಾಕಿದ್ದರಂತೆ, ದನಿ ಪೂರ್ತಿ ಹೋಗಿತ್ತಂತೆ. “ನಿಮಗ ಫೋನ್ ಹಚ್ಚು ಅಂತ ಕೈಸನ್ನಿ ಮಾಡಿದ್ರು” ಎಂದು ಅವನ ಹೆಂಡತಿ ಶಾಂತಾ ವೈನಿ ಅಂತ್ಯಕ್ರಿಯೆಯ ದಿನ ಹೇಳಿದರು. ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎರಡು ವರ್ಷ ನಾನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ವಿಜಯವಾಡದ ಕೆಲಸ ಬಂದದ್ದು ಆಗ. ಬೆಂಜ್ ಸರ್ಕಲ್ ಹತ್ತಿರ ವ್ಯಾಪಾರಿಗಳ ಸಂಘವೊಂದು ಹೊಸ ಸಭಾಂಗಣ ಕಟ್ಟಿಸಿತ್ತು. ಮರುದಿನ ಉದ್ಘಾಟನೆ. ಮೈಕುಗಳ ಧ್ವನಿಯೆಲ್ಲ ಆಡಿಯೋ ಪ್ರೊಸೆಸರ್ ಎಂಬ ಪೆಟ್ಟಿಗೆಗೆ ಬರುತ್ತದೆ. ಯಾರದು ಎಷ್ಟು ಜೋರಾಗಿ ಕೇಳಬೇಕು, ಯಾರದು ಕೇಳಬಾರದು ಎಂದು ತೀರ್ಮಾನಿಸುವುದು ಅದೇ. ಆದರೆ ಸಂಘದ ಅಧ್ಯಕ್ಷರು ಆ ಪೆಟ್ಟಿಗೆಯ ಮುಂದೆ ಕೂರಲಾಗುತ್ತದೆಯೆ? ಅವರಿಗೊಂದು ಟಚ್ ಪ್ಯಾನೆಲ್. ಅದರ ಮೇಲೆ ಬೆರಳಿಟ್ಟರೆ ಕಂಟ್ರೋಲ್ ಸಿಸ್ಟಮ್ ಪೆಟ್ಟಿಗೆಗೆ ಆಜ್ಞೆ ಕಳಿಸುತ್ತದೆ, ‘ಆಯಿತು’ ಎಂದು ಪೆಟ್ಟಿಗೆ ಉತ್ತರ ಕೊಡುತ್ತದೆ, ಗುಂಡಿಯ ಬಣ್ಣ ಬದಲಾಗುತ್ತದೆ. ಮುಚ್ಚಿದ ಮೈಕಿಗೆ ಕೆಂಪು, ತೆರೆದದ್ದಕ್ಕೆ ಹಸಿರು. ಪ್ಯಾನೆಲ್, ಪೆಟ್ಟಿಗೆ ಎರಡೂ ಒಂದಕ್ಕೊಂದು ಮಾತಾಡುವಂತೆ ಮಾಡುವುದು ನನ್ನ ಕೆಲಸ. ವಿಳಾಸದಲ್ಲಿ ಒಂದು ಅಂಕಿ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಪೆಟ್ಟಿಗೆ ಬಾಯಿ ಬಿಡುವುದಿಲ್ಲ.

ಜೊತೆಗೆ ಸೂರಿಬಾಬು ಇದ್ದ. ಐವತ್ತು ದಾಟಿದ ಎಲೆಕ್ಟ್ರಿಷಿಯನ್, ಮಿತಭಾಷಿ. ಮಧ್ಯಾಹ್ನ ಅವನು ಊಟಕ್ಕೆ ಹೋದ. ವೇದಿಕೆಯ ಹಿಂದಿನ ಕೋಣೆಯಲ್ಲಿ ಪ್ಯಾನೆಲನ್ನು ಮೇಜಿನ ಮೇಲಿಟ್ಟುಕೊಂಡು ನಾನೊಬ್ಬನೇ ಕೂತೆ. ಎಂಟು ಮೈಕುಗಳ ಹೆಸರು ಹಾಕಿ, ಗುಂಡಿಗಳನ್ನು ಒಂದೊಂದಾಗಿ ಒತ್ತಿ ಪರೀಕ್ಷಿಸಿದೆ. ಎಂಟೂ ಗುಂಡಿ ಸರಿಯಾಗಿ ಉತ್ತರ ಕೊಟ್ಟವು. ಎಲ್ಲವನ್ನೂ ಮುಚ್ಚಿ, ಸಾಲಾಗಿ ಕೆಂಪಗಿರುವುದನ್ನು ನೋಡಿ ಸಮಾಧಾನವಾಯಿತು.

ಐದನೆಯದು ಹಸಿರಾಯಿತು.

ನಾನು ಮುಟ್ಟಿರಲಿಲ್ಲ. ಮತ್ತೆ ಮುಚ್ಚಿದೆ. ಅರ್ಧ ನಿಮಿಷ ಕೆಂಪಗಿದ್ದು ಮತ್ತೆ ಹಸಿರಾಯಿತು. ಎರಡು ಆಜ್ಞೆ ಒಂದಕ್ಕೊಂದು ತಾಗುತ್ತಿರಬೇಕು ಎಂದು ಬರೆದದ್ದನ್ನೆಲ್ಲ ಮತ್ತೆ ಓದಿದೆ. ತಪ್ಪಿರಲಿಲ್ಲ. ಮೂರನೆಯ ಸಲ ಮುಚ್ಚಿದೆ, ಮತ್ತೆ ತೆರೆದುಕೊಂಡಿತು. ಈ ಸಲ ಪಕ್ಕದಲ್ಲಿದ್ದ ಧ್ವನಿಯ ಮಟ್ಟ ತೋರಿಸುವ ಪಟ್ಟಿಯೂ ಅಲುಗಾಡುತ್ತಿತ್ತು, ಯಾರೋ ಮೈಕಿನ ಹತ್ತಿರ ಉಸಿರಾಡಿದರೆ ಅಲುಗಾಡುವಷ್ಟು. ಸಭಾಂಗಣಕ್ಕೆ ಹೋಗಿ ನೋಡಿದೆ. ಪ್ಲಾಸ್ಟಿಕ್ ಹೊದಿಸಿದ ಖಾಲಿ ಕುರ್ಚಿಗಳು, ಹೊರಗೆ ರಸ್ತೆಯ ಹಾರನ್ ಸದ್ದು, ಅಷ್ಟೇ. ವಾಪಸು ಬಂದು ಹೆಡ್‌ಫೋನ್ ಹಾಕಿಕೊಂಡೆ.

“ಮಾಸ್ತರ, ಕೇಳಸಾಕತ್ತೈತೇನು?”

ದೂರದಿಂದ ಬಂದದ್ದಲ್ಲ. ಕರಕರವೂ ಇಲ್ಲ. ಹಡಗಿನಲ್ಲಿ ಪಕ್ಕದಲ್ಲಿ ಕೂತು ಕೇಳುತ್ತಿದ್ದನಲ್ಲ, ಅದೇ ತುಂಬು ದನಿ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಕೇಳಿತು. “ಮಾಸ್ತರ?”

ಆಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಐದರ ಗುಂಡಿ ಒತ್ತಿದೆ. ಕೆಂಪಾಯಿತು. ಆಮೇಲೆ ಎಷ್ಟು ಹೊತ್ತು ಕಾದರೂ ಅದು ಹಸಿರಾಗಲಿಲ್ಲ.

ಸೂರಿಬಾಬು ಬಂದಾಗ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಐದನೆಯ ಮೈಕು ಎಲ್ಲಿದೆ ಎಂದು ಕೇಳಿದೆ. ಅವನು ಚೀಲಕ್ಕೆ ಕೈ ಹಾಕಿ, ಇನ್ನೂ ಕವರು ಬಿಚ್ಚದ ಮೈಕನ್ನು ತೆಗೆದು ತೋರಿಸಿದ. “ಐದೋದಿ ಇಂಕಾ ಪೆಟ್ಟಲೇದು ಸಾರ್” ಎಂದ. ಐದನೆಯದನ್ನು ಇನ್ನೂ ಹಾಕಿಯೇ ಇರಲಿಲ್ಲ. ಪೆಟ್ಟಿಗೆಯ ಹಿಂದೆ ಬಾಗಿ ನೋಡಿದೆ. ಐದರ ಕಿಂಡಿಗೆ ತಂತಿಯೇ ಇರಲಿಲ್ಲ.

ಯಾರು ಯಾವಾಗ ಏನು ಆಜ್ಞೆ ಕಳಿಸಿದರು ಎಂಬುದನ್ನೆಲ್ಲ ಕಂಟ್ರೋಲ್ ಸಿಸ್ಟಮ್ ಬರೆದಿಟ್ಟುಕೊಳ್ಳುತ್ತದೆ. ತೆಗೆದು ನೋಡಿದರೆ ನಾನು ಮುಚ್ಚಿದ್ದು ಅಷ್ಟೂ ಸಲ ದಾಖಲಾಗಿತ್ತು. ಅದು ತಾನಾಗಿ ತೆರೆದುಕೊಂಡದ್ದು ಒಂದು ಸಲವೂ ಇರಲಿಲ್ಲ. ಪಕ್ಕದ ಕಟ್ಟಡದ ವೈರ್‌ಲೆಸ್ ನುಗ್ಗಿತೆ? ನುಗ್ಗಿದರೂ ಕನ್ನಡದಲ್ಲಿ, ಅದೂ ಗದಗಿನ ಕನ್ನಡದಲ್ಲಿ, ಆ ಹೆಸರಿನಿಂದ? ನನ್ನ ತಲೆಯೇ ಆಟ ಹೂಡಿತೆ? ಹಾಗಿದ್ದರೆ ಗುಂಡಿಯ ಬಣ್ಣ ಬದಲಾದದ್ದು? ಎಂಟು ಮೈಕುಗಳನ್ನೂ ಸಂಜೆಯೊಳಗೆ ಜೋಡಿಸಿದೆವು. ಮರುದಿನದ ಸಭೆ ಸುಸೂತ್ರವಾಗಿ ನಡೆಯಿತು.

ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಬಂದವನು ಮನೆಗೂ ಹೋಗದೆ ಬಸ್ಸು ಹಿಡಿದು ಭೀಮುನಿಪಟ್ಟಣಕ್ಕೆ ಹೋದೆ. ವೈನಿ ಬಾಗಿಲು ತೆರೆದರು. ಎರಡು ವರ್ಷ ಯಾಕೆ ಬರಲಿಲ್ಲ ಎಂದು ಕೇಳದೆ ಕುರ್ಚಿ ಸರಿಸಿ ಕೂರಿಸಿದರು. ಮಗಳು ಪಲ್ಲವಿ, ಆಗ ಹದಿನಾಲ್ಕು ವರ್ಷದವಳು, ಪುಸ್ತಕ ಮುಚ್ಚಿಟ್ಟು ಬಂದು ಕೂತಳು. ಫೋನ್ ಇಟ್ಟುಬಿಟ್ಟದ್ದನ್ನು ಮೊದಲು ಹೇಳಿದೆ, ಆಮೇಲೆ ವಿಜಯವಾಡದ್ದು. ನಗುತ್ತಾರೆ, ಇಲ್ಲವೆ ಹೆದರುತ್ತಾರೆ ಎಂದುಕೊಂಡಿದ್ದೆ. ವೈನಿ ಎರಡೂ ಮಾಡಲಿಲ್ಲ.

“ದನಿ ಹ್ಯಾಂಗಿತ್ರಿ?” ಎಂದು ಕೇಳಿದರು. “ಗೊರಗೊರ ಅನ್ನಾಕತ್ತಿತ್ತೇನು?”

“ಇಲ್ಲ ವೈನಿ. ಮೊದಲಿನಂಗ ಇತ್ತು. ಸ್ವಚ್ಛ.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತುಂಬ ಹೊತ್ತು ಅತ್ತರು. “ಹಂಗಾರ ತಿರುಗಿ ದನಿ ಬಂದೈತಿ ಅವರಿಗೆ” ಎಂದರು. ಅದು ದುಃಖದ ಅಳುವಾಗಿರಲಿಲ್ಲ.

ಪಲ್ಲವಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕನ್ನಡಕ್ಕಿಂತ ತೆಲುಗು ಬೇಗ ಬಾಯಿಗೆ ಬರುತ್ತದೆ. “ಕಾಕಾ, ಮೀರೇಮನ್ನಾರು?” ಎಂದಳು. ನೀವೇನಂದಿರಿ?

“ಕೇಳಸಾಕತ್ತೈತಿ, ಮಾತಾಡೋ ಈರಣ್ಣಾ ಅಂದೆ” ಎಂದೆ.

ಅವಳು ತಲೆಯಾಡಿಸಿದಳು. ವೈನಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು, ಊಟ ಮಾಡಿಕೊಂಡೇ ಹೋಗಬೇಕು ಎಂದು ಅಲ್ಲಿಂದಲೇ ಕೂಗಿದರು. ಉಂಡೆ. ಈಗ ತಿಂಗಳಿಗೊಮ್ಮೆಯಾದರೂ ಆ ಮನೆಗೆ ಹೋಗುತ್ತೇನೆ, ಆ ಮಾತನ್ನು ಯಾರೂ ಮತ್ತೆ ಎತ್ತಿಲ್ಲ. ಅಂದು ಕೇಳಿದ್ದು ಏನು, ಎಲ್ಲಿಂದ ಬಂತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹುಡುಗಿಗೆ ಹೇಳಿದ್ದು ಸುಳ್ಳು ಎಂಬುದಷ್ಟೇ ಗೊತ್ತು.